ಲಿಯೋಕ್ಯಾಡ್‌ನಲ್ಲಿ ದೊಡ್ಡಗದ್ದವಳ್ಳಿ: ಟೂಲ್‌ಬಾರ್ ಜೊತೆ ನನ್ನ ಗುದ್ದಾಟ

ಹಾಸನದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಗೃಹಪ್ರವೇಶದ ಆಮಂತ್ರಣ, ಇದೇ ಕೆಲಸ. ಟೂಲ್‌ಬಾರ್ ಮುಂದೆ ಕೂತು ಇಪ್ಪತ್ತು ವರ್ಷ ಆಯ್ತು. ಆದರೂ ಲೆಗೋ ಎಂಬ ಆಟಿಕೆ ಬ್ರಿಕ್ಕುಗಳ ಮಾಡೆಲ್ ಮಾಡುವ ಸಾಫ್ಟ್‌ವೇರ್ ಮುಂದೆ ಮೊದಲ ವಾರ ಪೂರ್ತಿ ದಡ್ಡನಾಗಿ ಕೂತಿದ್ದೆ.

ಈ ಹುಚ್ಚು ಹಚ್ಚಿದ್ದು ಮಗಳು, ಏಳನೇ ಕ್ಲಾಸು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ನೋಡಿ ಬಂದ ದಿನ, "ಅಪ್ಪ, ಇದನ್ನ ನನ್ನ ಲೆಗೋದಲ್ಲಿ ಕಟ್ಬಹುದು ಅಲ್ವಾ?" ಅಂದಳು. ಬೇಲೂರೋ ಹಳೇಬೀಡೋ ಆಗಿದ್ದರೆ ಆಗಲ್ಲ ಪುಟ್ಟಿ ಎಂದು ಕೈ ಮುಗಿಯುತ್ತಿದ್ದೆ. ಅಲ್ಲಿಯ ನಕ್ಷತ್ರದಾಕಾರದ ಮೂಲೆಗಳನ್ನು ಚೌಕದ ಬ್ರಿಕ್ಕಿನಲ್ಲಿ ತರೋದು ನನ್ನಂಥವನ ಕೆಲಸವಲ್ಲ. ದೊಡ್ಡಗದ್ದವಳ್ಳಿ ಹಾಗಲ್ಲ. 12ನೇ ಶತಮಾನದ ಆರಂಭದ ಗುಡಿ, ನಾಲ್ಕು ಗರ್ಭಗುಡಿ, ನಾಲ್ಕು ಶಿಖರ. ಅದರಲ್ಲಿ ಮೂರು ಕದಂಬ ನಾಗರ ಶೈಲಿಯವು. ಮೆಟ್ಟಿಲು ಪೇರಿಸಿದ ಹಾಗೆ ಅಂತಸ್ತು ಅಂತಸ್ತಾಗಿ ಸಣ್ಣದಾಗುತ್ತಾ ಹೋಗುತ್ತವೆ. ನೋಡಿದರೆ ಲೆಗೋದವರೇ ಕಟ್ಟಿದ ಹಾಗಿದೆ.

ಲಿಯೋಕ್ಯಾಡ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡೆ, ಬ್ರಿಕ್ಕುಗಳನ್ನು ಸ್ಕ್ರೀನಿನಲ್ಲೇ ಜೋಡಿಸುವಂಥದ್ದು. ಉಚಿತ, ಮತ್ತೆ ಅಂಗಡಿಯ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರೊಳಗಿನ ಬಿಡಿಭಾಗಗಳೆಲ್ಲ ಎಲ್‌ಡ್ರಾ ಎಂಬ ಸಂಗ್ರಹದವು. ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ಎಂಬ ಹುಡುಗ 1995ರಲ್ಲಿ ಶುರುಮಾಡಿದ್ದು. 1997ರಲ್ಲಿ ಅವನು ತೀರಿಕೊಂಡ. ಅವನು ಹಾಕಿದ ಅಳತೆಯಲ್ಲೇ ಇವತ್ತಿಗೂ ಎಲ್ಲರೂ ಕೆಲಸ ಮಾಡುತ್ತಾರೆ.

ಮೊದಲ ತೊಂದರೆ ಜಾಗದ್ದು. ನನ್ನ ಸ್ಕ್ರೀನ್ 1366 ಬೈ 768. ಪಾರ್ಟ್ಸ್ (ಬ್ರಿಕ್ಕಿನ ಪಟ್ಟಿ), ಕಲರ್ಸ್, ಟೈಮ್‌ಲೈನ್, ಪ್ರಾಪರ್ಟೀಸ್ ಎಂಬ ಕಿಟಕಿಗಳನ್ನೆಲ್ಲ ತೆರೆದಿಟ್ಟರೆ ಗುಡಿ ಕಟ್ಟಲು ಉಳಿಯುವುದು ಅಂಗೈಯಗಲ. ಸಿಟ್ಟು ಬಂದು ಒಂದೊಂದೇ ಮುಚ್ಚಿದೆ. ಮಾರನೇ ದಿನ ತೆರೆದರೆ ಬ್ರಿಕ್ಕಿನ ಪಟ್ಟಿಯೇ ಇಲ್ಲ! ಸಾಫ್ಟ್‌ವೇರ್ ಕೆಟ್ಟಿತು ಅಂದುಕೊಂಡು ತೆಗೆದು ಮತ್ತೆ ಹಾಕಲು ಹೊರಟಿದ್ದೆ. ಟೂಲ್‌ಬಾರ್ ಮೇಲೆ ಸುಮ್ನೆ ರೈಟ್ ಕ್ಲಿಕ್ ಮಾಡಿದರೆ ಎಲ್ಲದರ ಹೆಸರೂ ಬರುತ್ತದೆ, ಬೇಕಾದ್ದಕ್ಕೆ ಟಿಕ್ ಹಾಕಿದರೆ ಮುಗೀತು. ವ್ಯೂ ಮೆನುವಿನಲ್ಲೂ ಅದೇ ಪಟ್ಟಿ ಇದೆ. ಈಗ ಪಾರ್ಟ್ಸ್ ಮತ್ತು ಕಲರ್ಸ್ ಎರಡನ್ನೇ ಬಲಕ್ಕೆ ಇಟ್ಟುಕೊಂಡಿದ್ದೇನೆ. ಟೂಲ್‌ಬಾರ್‌ಗಳನ್ನು ಹಿಡಿದೆಳೆದು ಎಡಗಡೆಗೆ ಉದ್ದಕ್ಕೆ ನಿಲ್ಲಿಸಿದೆ. ಅಗಲ ಸ್ಕ್ರೀನಿನಲ್ಲಿ ಮೇಲಿನ ಜಾಗವೇ ತುಟ್ಟಿ ನೋಡಿ.

ಕಲರ್ಸ್ ಬಗ್ಗೆ ಒಂದೇ ಮಾತು. ಏನಾದರೂ ಸೆಲೆಕ್ಟ್ ಆಗಿದ್ದಾಗ ಬಣ್ಣ ಒತ್ತಿದರೆ ಅದಕ್ಕೆಲ್ಲ ಆ ಬಣ್ಣ ಬಳಿಯುತ್ತದೆ. ಮುಂದಿನ ಬ್ರಿಕ್ಕಿಗೆ ಅಂತ ಹಸಿರು ಒತ್ತಿ, ಒಂದಿಡೀ ಗೋಡೆ ಹಸಿರು ಮಾಡಿಕೊಂಡೆ.

ಇನ್ನು ಸ್ನ್ಯಾಪ್. ಟೂಲ್‌ಬಾರಿನ ಬೇರೆ ಬಟನ್ನುಗಳನ್ನು ನೋಡಿದ ಕೂಡಲೇ ಊಹಿಸಬಹುದು, ಮೂವ್ ಅಂದ್ರೆ ಸರಿಸೋದು, ರೊಟೇಟ್ ಅಂದ್ರೆ ತಿರುಗಿಸೋದು. ಸ್ನ್ಯಾಪ್ ಹಾಗೆ ಬಾಯಿ ಬಿಡುವುದಿಲ್ಲ. ಬ್ರಿಕ್ ಒಂದು ಸಲಕ್ಕೆ ಎಷ್ಟು ಸರಿಯಬೇಕು ಅಂತ ಹೇಳುವುದು ಅದೇ. ಅಡ್ಡಕ್ಕೆ ಬೇರೆ, ಎತ್ತರಕ್ಕೆ ಬೇರೆ. ಬ್ರಿಕ್ಕಿನ ತಲೆ ಮೇಲೆ ಉಬ್ಬಿಕೊಂಡಿರುತ್ತದಲ್ಲ, ಅದು ಸ್ಟಡ್. ಒಂದು ಸ್ಟಡ್ಡಿನಿಂದ ಇನ್ನೊಂದಕ್ಕೆ 8 ಮಿ.ಮೀ. ಬ್ರಿಕ್ಕಿನ ಎತ್ತರ 9.6, ತೆಳು ಪ್ಲೇಟಿನದು 3.2. ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಎಲ್‌ಡ್ರಾ ಲೆಕ್ಕದಲ್ಲಿ ಇದೇ 20, 24, 8. ಅದರ ಒಂದು ಅಳತೆ ಅಂದ್ರೆ 0.4 ಮಿ.ಮೀ. ನಾನು ಅಡ್ಡ ಸ್ನ್ಯಾಪನ್ನು ತೀರಾ ಚಿಕ್ಕದಕ್ಕೆ, ಅಂದರೆ ಸ್ಟಡ್ಡಿನ ಇಪ್ಪತ್ತನೇ ಒಂದು ಭಾಗಕ್ಕೆ ಇಟ್ಟು ಮರೆತಿದ್ದೆ. ಸ್ಕ್ರೀನಿನಲ್ಲಿ ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಕೂದಲೆಳೆ ಸಂದು. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಒಳಗೆ ಬರೀ ಅಕ್ಷರ, ಅಂಕಿ. ಒಂದೊಂದು ಬ್ರಿಕ್ಕಿಗೆ ಒಂದೊಂದು ಸಾಲು. 40 ಇರಬೇಕಾದ ಕಡೆ 41. ಪ್ರೂಫ್ ನೋಡಿ ಪಳಗಿದ ಕಣ್ಣಿಗೆ ಅಂಥವು ಏಳು ಸಿಕ್ಕವು.

ದೊಡ್ಡ ಪೆಟ್ಟು ಬಿದ್ದದ್ದು ಶಿಖರದಲ್ಲಿ. ಪ್ರತಿ ಅಂತಸ್ತು ನಾಲ್ಕೂ ಕಡೆ ಒಂದೊಂದು ಸ್ಟಡ್ ಒಳಗೆ ಸರಿದರೆ 8, 6, 4 ಅಂತ ಬೇಗ ಮುಗಿದು ಮೊಂಡಾಗಿ ಕಾಣುತ್ತದೆ. ಸ್ನ್ಯಾಪನ್ನು ಅರ್ಧ ಸ್ಟಡ್ಡಿಗೆ ಇಟ್ಟೆ. 8, 7, 6, 5 ಅಂತ ಎಷ್ಟು ಚೆನ್ನಾಗಿ ಎದ್ದಿತು ಅಂದ್ರೆ, ರಾತ್ರಿ ಹನ್ನೊಂದಕ್ಕೆ ಹೆಂಡತಿಯನ್ನು ಕರೆದು ತೋರಿಸಿದೆ. "ಚೆನ್ನಾಗಿದೆ, ಮಲಕ್ಕೊಳ್ಳಿ" ಅಂದಳು.

ಬೆಳಗ್ಗೆ ಮಗಳು ತನ್ನ ಲೆಗೋ ಬಕೆಟ್ ಸುರಿದುಕೊಂಡು ಕೂತಳು. "ಅಪ್ಪ, ಎರಡನೇದು ಕೂರ್ತಾನೇ ಇಲ್ಲ." ಕೂರುವುದಾದರೂ ಹೇಗೆ? ಮೇಲಿನ ಪ್ಲೇಟು ಅರ್ಧ ಸ್ಟಡ್ ಸರಿದರೆ ಕೆಳಗಿನ ಉಬ್ಬುಗಳು ಅದರ ತೂತಿಗೆ ಸಿಗುವುದೇ ಇಲ್ಲ. ಲಿಯೋಕ್ಯಾಡ್ ಇದನ್ನು ತಡೆಯುವುದಿಲ್ಲ. ನೀವು ಇಟ್ಟಲ್ಲಿ ಇಡುತ್ತದೆ, ಒಂದರೊಳಗೆ ಒಂದು ತುರುಕಿದರೂ ಕೇಳುವುದಿಲ್ಲ. ಸ್ಟುಡಿಯೋ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಇದಕ್ಕೆಂದೇ ಕೊಲಿಷನ್ ಎಂಬ ಬಟನ್ ಇದೆ, ಬ್ರಿಕ್ ಬ್ರಿಕ್ಕಿಗೆ ತಾಗಿದರೆ ಹೇಳುತ್ತದೆ. ಆದರೆ ತಾಗದೆ ಸುಮ್ಮನೆ ಮೇಲೆ ಕೂತದ್ದನ್ನು ಗಟ್ಟಿಯಾಗಿ ಹಿಡಿಸುವ ಕೆಲಸ ನಮ್ಮದೇ.

ಅರ್ಧ ಸ್ಟಡ್ ಸರಿಸಲು ಜಂಪರ್ ಬೇಕು. ಎರಡು ಸ್ಟಡ್ ಉದ್ದ, ಎರಡು ಸ್ಟಡ್ ಅಗಲದ ಪ್ಲೇಟು, ಆದರೆ ತಲೆ ಮೇಲೆ ನಟ್ಟ ನಡುವೆ ಒಂದೇ ಉಬ್ಬು. ಅದನ್ನು ಕೆಳಗಿಟ್ಟರೆ ಮೇಲಿನದು ಅರ್ಧ ಸರಿದು ಕೂರುತ್ತದೆ. ಶಿಖರ ಪೂರ್ತಿ ಕೆಡವಿ, ಅಂತಸ್ತಿಗೆ ನಾಲ್ಕು ಜಂಪರ್ ಸೇರಿಸಿ ಮತ್ತೆ ಕಟ್ಟಿದೆ. ಆಮೇಲಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಸ್ನ್ಯಾಪ್ ಯಾವಾಗಲೂ ಒಂದು ಸ್ಟಡ್, ಎತ್ತರಕ್ಕೆ ಒಂದು ಪ್ಲೇಟ್. ಜಂಪರ್ ಇಟ್ಟ ಮೇಲಷ್ಟೇ ಅರ್ಧಕ್ಕೆ ಇಳಿಸುವುದು, ಆ ಕೆಲಸ ಮುಗಿದ ಕೂಡಲೇ ವಾಪಸ್.

ಬಾಗಿಲ ಚೌಕಟ್ಟಿಗೆ ಪ್ಲೇಟುಗಳನ್ನು ಅಡ್ಡ ಮಲಗಿಸಿದಾಗ ಇನ್ನೊಂದು ಪಾಠ. ಬ್ರಿಕ್ ಮಲಗಿದರೆ ಅದರ 'ಮೇಲೆ' ಎಂಬುದೂ ಮಲಗುತ್ತದೆ. ರಿಲೇಟಿವ್ ಬಟನ್ ಒತ್ತಿದ್ದರೆ ಬ್ರಿಕ್ ತನ್ನ ದಿಕ್ಕಿನಲ್ಲೇ ಸರಿಯುತ್ತದೆ, ಇಲ್ಲದಿದ್ದರೆ ನೆಲದ ದಿಕ್ಕಿನಲ್ಲಿ. ಐದು ಪ್ಲೇಟು ಪೇರಿಸಿದರೆ 16 ಮಿ.ಮೀ., ಎರಡು ಸ್ಟಡ್ ಅಗಲವೂ 16. ಹಾಗಾಗಿ ಎರಡು ಸ್ಟಡ್ ಸಂದಿನಲ್ಲಿ ಐದು ಮಲಗಿದ ಪ್ಲೇಟು ಸರಿಯಾಗಿ ಕೂರುತ್ತವೆ.

ಒಂದು ಸಲ ಅರ್ಧ ಗುಡಿಯೇ ಮಾಯ! ಎದೆ ಧಸಕ್ಕೆಂದಿತು. ಅಳಿಸಿರಲಿಲ್ಲ. ಸ್ಟೆಪ್ಪುಗಳ ಬಾಣದ ಬಟನ್ ತಾಗಿ ಹಿಂದಿನ ಹಂತಕ್ಕೆ ಹೋಗಿದ್ದೆ. ಆ ಹಂತದವರೆಗೆ ಕಟ್ಟಿದ್ದಷ್ಟೇ ಕಾಣುತ್ತದೆ. ಮುಂದಿನ ಬಾಣ ಒತ್ತಿದೆ, ಗುಡಿ ಬಂತು.

ಕೊನೆಗೆ ಎಕ್ಸ್‌ಪೋರ್ಟ್‌ನಲ್ಲಿ ಬಿಡಿಭಾಗಗಳ ಪಟ್ಟಿ ತೆಗೆದೆವು. ಜಂಪರ್ ಬೇಕಾದದ್ದು 48, ಬಕೆಟ್ಟಿನಲ್ಲಿ ಇದ್ದದ್ದು 11. ಸದ್ಯಕ್ಕೆ ಒಂದು ಶಿಖರ ಅರ್ಧ ಎದ್ದಿದೆ, ಮಿಕ್ಕಿದ್ದಕ್ಕೆ ಜಂಪರ್ ತರಿಸಬೇಕು. ಲಕ್ಷ್ಮಿಯ ಗರ್ಭಗುಡಿ ಮೇಲಿನದು ಹೊಯ್ಸಳ ಕೆತ್ತನೆಯ ಶಿಖರ, ಅದರ ತಂಟೆಗೆ ನಾನು ಹೋಗಿಲ್ಲ. ಮಗಳು ಹೋಗಿದ್ದಾಳೆ. ನಾನು ಅಂಗಡಿಯಲ್ಲಿದ್ದಾಗ ಟೂಲ್‌ಬಾರ್‌ಗಳನ್ನೆಲ್ಲ ಕೆಳಗಡೆಗೆ ಎಳೆದು ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದಾಳೆ. ನಿನ್ನೆ ರಾತ್ರಿ ಕೂತರೆ ರೊಟೇಟ್ ಬಟನ್ ಎಲ್ಲಿದೆ ಅಂತ ಅವಳನ್ನೇ ಎಬ್ಬಿಸಿ ಕೇಳಬೇಕಾಯ್ತು.