ದೋಣಿಗೆ ಹುಟ್ಟು ಹಾಕಿದ ವಕೀಲನ ಜಾಡು ಹಿಡಿಯುವುದು ಹೇಗೆ?

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಹವ್ಯಾಸಕ್ಕೆ ದೋಣಿ ಸ್ಪರ್ಧೆಗೆ ಇಳಿಯುತ್ತಿದ್ದವನೊಬ್ಬನ ಬದುಕು ಬರೆಯಬೇಕೇ? ಅವನು ಗೆದ್ದ ಕಪ್ಪುಗಳಿಂದ ಶುರು ಮಾಡಬೇಡಿ. ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಅನ್ನೋದನ್ನು ಮೊದಲು ಹುಡುಕಿ.

ಯಾಕೆಂದರೆ ಆಗ ನೀರಿಗಿಳಿಯಲು ತೋಳಿನ ಬಲವೊಂದೇ ಸಾಲುತ್ತಿರಲಿಲ್ಲ. ಥೇಮ್ಸ್ ನದಿಯ ಹೆಸರಾಂತ ದೋಣಿ ಸ್ಪರ್ಧೆ ಹೆನ್ಲಿ ರೆಗಾಟಾದವರು 1879ರಲ್ಲಿ ಮಾಡಿದ ನಿಯಮದ ಪ್ರಕಾರ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಯಾಳು ಯಾರೂ 'ಅಮೆಚೂರ್' (ಹವ್ಯಾಸಿ) ಅಲ್ಲ, ದುಡ್ಡಿಗಾಗಿ ಒಂದು ದಿನವೂ ಹುಟ್ಟು ಹಾಕದಿದ್ದರೂ ಅಲ್ಲ. ವಕೀಲನಿಗೆ, ಪಾದ್ರಿಗೆ ಆ ತೊಡಕಿಲ್ಲ. ಒಂಥರಾ ಮಡಿ-ಮೈಲಿಗೆ, ಅಲ್ವಾ? ಹಳೆಯ ಪತ್ರಿಕೆಯ ದೋಣಿ ಸುದ್ದಿಯಲ್ಲಿ 'ಪ್ರೊಫೆಷನಲ್' ಅಂತ ಕಂಡರೆ ಡಾಕ್ಟರೋ ವಕೀಲನೋ ಅಂದುಕೊಂಡು ಮೋಸ ಹೋಗಬೇಡಿ. ಅವನು ದುಡ್ಡಿಗಾಗಿ ಪಂದ್ಯದಲ್ಲಿ ಹುಟ್ಟು ಹಾಕುವವನು, ಹೆಚ್ಚಾಗಿ ಅಂಬಿಗ.

ಹೆಸರಿನದು ಇನ್ನೊಂದು ಪೇಚು. ತಂಡದ ಪಟ್ಟಿಯಲ್ಲಿ ಬರೀ ಇನಿಷಿಯಲ್ಲು, ಮನೆತನದ ಹೆಸರು, ಸ್ಟೋನ್ ಲೆಕ್ಕದಲ್ಲಿ ತೂಕ (1 ಸ್ಟೋನ್ ಅಂದರೆ ಸುಮಾರು 6.35 ಕೆ.ಜಿ.) ಸಿಗುತ್ತದೆ. ಅಣ್ಣನೋ ತಮ್ಮನೋ ತಿಳಿಯಲು ಜನಗಣತಿ ನೋಡಿ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ನಂಬಬೇಡಿ. 1851ರಿಂದ ಹುಟ್ಟಿದ ಊರೂ ಇರುತ್ತದೆ. ಸತ್ತದ್ದು 1858ರ ನಂತರವಾದರೆ ಉಯಿಲುಗಳ ವಾರ್ಷಿಕ ಪಟ್ಟಿಯನ್ನು ಬಿಡಲೇಬೇಡಿ. ವಿಳಾಸ, ಸತ್ತ ದಿನ, ಬಿಟ್ಟುಹೋದ ಆಸ್ತಿಯ ಬೆಲೆ ಒಂದೇ ಕಡೆ ಸಿಗುತ್ತದೆ.

ಕೈ ಪಳಗಿಸಿಕೊಳ್ಳಲು ವಾಲ್ಟರ್ ಬ್ರಾಡ್‌ಫರ್ಡ್ ವುಡ್‌ಗೇಟ್‌ನನ್ನು ಹಿಡಿಯಿರಿ. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನವನು, ಆಮೇಲೆ ಬ್ಯಾರಿಸ್ಟರ್. ಒಂಟಿ ದೋಣಿಯ ವಿಂಗ್‌ಫೀಲ್ಡ್ ಸ್ಕಲ್ಸ್ ಅನ್ನು 1862, 1864, 1867ರಲ್ಲಿ ಗೆದ್ದ. ಆದರೆ ಅವನ ವಕೀಲಬುದ್ಧಿ ಕಾಣಿಸುವುದು 1868ರ ಹೆನ್ಲಿಯ ಸ್ಟೂವರ್ಡ್ಸ್ ಕಪ್ ಪಂದ್ಯದಲ್ಲಿ. ನಾಲ್ಕು ಜನರ ದೋಣಿಯಲ್ಲಿ ಚುಕ್ಕಾಣಿ ಹಿಡಿಯುವ ಐದನೆಯವನು ಸುಮ್ನೆ ಭಾರ ಅಂತ, ಪಂದ್ಯ ಶುರುವಾದ ತಕ್ಷಣ ಆ ಜಾಗದಲ್ಲಿದ್ದ ಫ್ರೆಡ್ರಿಕ್ ವೆದರ್ಲಿಯನ್ನು ನದಿಗೆ ಹಾರಿಸಿಬಿಟ್ಟ! ಪಾಪ, ವೆದರ್ಲಿ ನೈದಿಲೆಯ ಬಳ್ಳಿಗಳಲ್ಲಿ ಸಿಕ್ಕಿ ಒದ್ದಾಡಿದ. ದೋಣಿ ಆರಾಮಾಗಿ ಮೊದಲು ಬಂತು, ತಂಡ ಅನರ್ಹವಾಯಿತು. ಐದೇ ವರ್ಷಕ್ಕೆ, 1873ರಲ್ಲಿ, ಅದೇ ಸ್ಟೂವರ್ಡ್ಸ್ ಕಪ್‌ನಲ್ಲಿ ಚುಕ್ಕಾಣಿಯವನೇ ಇಲ್ಲದಾದ.

ಅಂದಹಾಗೆ ವೆದರ್ಲಿಯನ್ನೂ ವಕೀಲರ ಪಟ್ಟಿಯಲ್ಲೇ ಹುಡುಕಿ. ಮುಂದೆ ಅವನೂ ಬ್ಯಾರಿಸ್ಟರ್ ಆದ.