ಸೆಕೆಂಡಿಗೊಂದು ಟಕ್: ಸಿಡಿಲಲ್ಲ, ಬೇಲಿ!

160 ಮೀಟರ್ ಹ್ಯಾಮ್ (ಹವ್ಯಾಸಿ ರೇಡಿಯೋ) ಬ್ಯಾಂಡಿನಲ್ಲಿ ದೂರದ ಸ್ಟೇಷನ್ ಯಾವಾಗ ಸಿಗುತ್ತದೋ ಹೇಳೋಕಾಗಲ್ಲ. ಈ ಅಲೆಗಳು ದೂರ ಹೋಗೋದು ಕತ್ತಲಲ್ಲೇ; ಮಡಿಕೇರಿಯಲ್ಲಿ ಬೆಳಕು ಹರಿಯುವಾಗ ಯುರೋಪಿನಲ್ಲಿ ಇನ್ನೂ ಕತ್ತಲು. ಆ ಕೆಲವು ನಿಮಿಷವೇ ನಮ್ಮ ಪಾಲಿಗೆ. ನನಗೆ ಮಾತ್ರ ಆಗಲೂ ಬರೀ 'ಟಕ್, ಟಕ್'.

ಮೊದಲು ಸಿಡಿಲು ಅಂದುಕೊಂಡೆ. ಆದರೆ ಸಿಡಿಲು ಗಡಿಯಾರ ನೋಡಿಕೊಂಡು ಬರಲ್ಲ, ಅಲ್ವಾ? ಮನೆಯ ಮೇನ್ ಆರಿಸಿ ಬ್ಯಾಟರಿಯಲ್ಲಿ ಕೇಳಿದೆ. ಮತ್ತೆ ಟಕ್. ಹಳೇ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ಗೆ ಹಾಕಿಕೊಂಡು ಕಾಫಿ ತೋಟದಲ್ಲಿ ನಡೆದೆ. ಆನೆ ತಡೆಯಲೆಂದು ಹಾಕಿದ, ಸೆಕೆಂಡಿಗೊಮ್ಮೆ ಕರೆಂಟ್ ಮಿಡಿಯುವ ಸೋಲಾರ್ ಬೇಲಿ ಹತ್ತಿರ ಸದ್ದು ಜಾಸ್ತಿಯಾಯಿತು. ಒಂದು ಕಂಬದಲ್ಲಿ ಇನ್ಸುಲೇಟರ್ ಸೀಳಿತ್ತು. ಒದ್ದೆ ಬಳ್ಳಿ ತಂತಿಗೆ ತಾಗಿ ಸಣ್ಣ ನೀಲಿ ಕಿಡಿ ಹಾರುತ್ತಿತ್ತು. ಬೇಲಿ ಆಫ್ ಮಾಡಿ ಬಳ್ಳಿ ಸವರಿದೆ, ಇನ್ಸುಲೇಟರ್ ಬದಲಿಸಿದೆ.

ಮರುದಿನ ನಸುಕಿನಲ್ಲಿ ಜರ್ಮನಿಯ ಮೋರ್ಸ್ ಸಂಕೇತ ತೆಳ್ಳಗೆ ತೇಲಿಬಂತು. ಉತ್ತರ ಕೊಡೋಣ ಅನ್ನುವಷ್ಟರಲ್ಲಿ ಮಾಯ!