ದಿನಸಿ ಚೀಟಿಯಿಂದ ಸಂಜೆಯ ನಡಿಗೆಯವರೆಗೆ: ಮನೆಮಂದಿಯೆಲ್ಲ ಆರೋಗ್ಯದ ರೂಢಿ ಶುರುಮಾಡುವುದು ಹೇಗೆ?

ಒಂದು ಉದ್ದನೆಯ ದಾರ ತೆಗೆದುಕೊಳ್ಳಿ. ನೆತ್ತಿಯಿಂದ ಹಿಮ್ಮಡಿಯವರೆಗೆ ನಿಮ್ಮ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಎರಡು ತುದಿಗಳನ್ನು ಸೇರಿಸಿ ಅರ್ಧಕ್ಕೆ ಮಡಚಿ. ಆ ಅರ್ಧದಷ್ಟು ಉದ್ದವನ್ನು ಹೊಕ್ಕುಳಿನ ಮಟ್ಟದಲ್ಲಿ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟು ಸೊಂಟದ ಸುತ್ತ ತನ್ನಿ. ತುದಿಗಳು ಕೂಡಿದರೆ ಒಳ್ಳೆಯದು. ಕೂಡದೆ ನಡುವೆ ಜಾಗ ಉಳಿದರೆ ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಿದೆ; ಹೊಟ್ಟೆಯೊಳಗಿನ ಅಂಗಗಳ ಸುತ್ತ ಕೊಬ್ಬು ಸೇರುತ್ತಿರುವ ಸಾಧ್ಯತೆ ಹೆಚ್ಚು. ಗರ್ಭಿಣಿಯರನ್ನು ಬಿಟ್ಟು ಮನೆಯ ಎಲ್ಲ ವಯಸ್ಕರೂ ಈ ಅಳತೆ ತೆಗೆದುಕೊಂಡು ದಿನಾಂಕ ಸಮೇತ ಬರೆದಿಡುವುದು ಮೊದಲ ಕೆಲಸ.

ತಕ್ಕಡಿಯ ಬದಲು ದಾರವೇಕೆ ಎಂದರೆ, ನಮ್ಮಲ್ಲಿ ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ಬಹಳ. ಅವರ ತೂಕ ಸರಿಯಾಗಿಯೇ ಇರುತ್ತದೆ; ‘ನನಗೇನೂ ಇಲ್ಲ, ನಾನು ತೆಳ್ಳಗಿದ್ದೇನೆ’ ಎಂಬ ನಂಬಿಕೆಯಲ್ಲಿ ವರ್ಷಗಳು ಕಳೆದುಹೋಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಮತ್ತೆ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಆ ಹೊಸ್ತಿಲಲ್ಲಿ ನಿಂತವರಿಗೆ ನೋವಿಲ್ಲ, ಸುಸ್ತಿಲ್ಲ, ಯಾವ ಸೂಚನೆಯೂ ಇಲ್ಲ. ಆದ್ದರಿಂದಲೇ ವ್ಯಾಯಾಮ ಮತ್ತು ಹಿತಮಿತದ ಊಟವನ್ನು ಕಾಯಿಲೆಯವರ ಪಥ್ಯವೆಂದು ಪಕ್ಕಕ್ಕಿಡದೆ ಇಡೀ ಮನೆಯ ರೂಢಿಯಾಗಿ ತರಬೇಕೆಂಬುದು ನನ್ನ ಆಗ್ರಹ. ಒಬ್ಬರಿಗೆ ಚಪಾತಿ, ಉಳಿದವರಿಗೆ ಪೂರಿ ಎಂಬ ವ್ಯವಸ್ಥೆ ತಿಂಗಳೊಪ್ಪತ್ತಿನಲ್ಲಿ ಮುರಿದುಬೀಳುತ್ತದೆ.

ಊಟ ಮತ್ತು ವ್ಯಾಯಾಮವನ್ನು ಬೇರೆ ಬೇರೆಯಾಗಿ ನೋಡುವುದೂ ಸರಿಯಲ್ಲ. ಅನ್ನ, ಮುದ್ದೆ, ರೊಟ್ಟಿ ಯಾವುದೇ ಇರಲಿ, ಅದರಲ್ಲಿನ ಪಿಷ್ಟವು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದರ ದೊಡ್ಡ ಪಾಲನ್ನು ಇನ್ಸುಲಿನ್ನಿನ ನೆರವಿನಿಂದ ಒಳಗೆಳೆದುಕೊಂಡು ಕೂಡಿಡುವ ಕಣಜ ನಮ್ಮ ಸ್ನಾಯುಗಳೇ. ಸ್ನಾಯು ದುಡಿದು ಕಣಜ ಖಾಲಿಯಾಗಿದ್ದರೆ ಊಟದ ಸಕ್ಕರೆಗೆ ಜಾಗವಿರುತ್ತದೆ. ದಿನವಿಡೀ ಕುಳಿತೇ ಇದ್ದರೆ ಕಣಜ ತುಂಬಿಯೇ ಇರುತ್ತದೆ, ಉಳಿದದ್ದು ಕೊಬ್ಬಾಗಿ ಯಕೃತ್ತನ್ನೂ ಹೊಟ್ಟೆಯನ್ನೂ ಸೇರುತ್ತದೆ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸಂಕುಚಿಸುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳಬಲ್ಲದು.

ಹಾಗಾಗಿ ಎರಡನೆಯ ಹೆಜ್ಜೆ ಊಟದ ನಂತರದ ನಡಿಗೆ. ಮಧ್ಯಾಹ್ನ ಮತ್ತು ರಾತ್ರಿ ಕೈ ತೊಳೆದ ಅರ್ಧ ಗಂಟೆಯೊಳಗೆ, ಹತ್ತೇ ನಿಮಿಷ, ಆರಾಮವಾಗಿ. ಇದಕ್ಕೆ ಬೂಟು ಬೇಡ, ಪಾರ್ಕು ಬೇಡ. ಮನೆಯ ಮುಂದಿನ ಬೀದಿ, ತಾರಸಿ, ಹಳ್ಳಿಯಾದರೆ ಅಂಗಳ ಸಾಕು. ಬೆಳಗಿನ ದೊಡ್ಡ ವ್ಯಾಯಾಮದ ಯೋಜನೆ ಹಾಕಿಕೊಂಡು ನಾಲ್ಕನೆಯ ದಿನಕ್ಕೆ ಕೈಬಿಡುವವರು ಇದರಿಂದ ಆರಂಭಿಸುವುದು ಮೇಲು.

ಎರಡು ವಾರ ಇದು ರೂಢಿಯಾದ ಮೇಲೆ ವೇಗದ ನಡಿಗೆಗೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ, ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮವನ್ನೂ ಹೇಳುತ್ತದೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮಧ್ಯಮ ಶ್ರಮವೆಂದರೆ, ನಡೆಯುತ್ತಾ ಪಕ್ಕದವರೊಂದಿಗೆ ಮಾತನಾಡಲು ಆಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ದಿನದ ಸಾಮಾನ್ಯ ಓಡಾಟವೂ ವ್ಯರ್ಥವಲ್ಲ. 1953ರಲ್ಲಿ ಬ್ರಿಟನ್ನಿನ ವೈದ್ಯ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದಾಗ, ಕುಳಿತೇ ಕೆಲಸ ಮಾಡುವ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಬಹಳ ಕಡಿಮೆ ಎಂದು ಕಂಡುಬಂತು. ವ್ಯಾಯಾಮವನ್ನು ಹೃದಯದ ಆರೋಗ್ಯಕ್ಕೆ ಜೋಡಿಸಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಅದೂ ಒಂದು.

ಬಲದ ವ್ಯಾಯಾಮವೆಂದೊಡನೆ ಜಿಮ್ಮಿನ ಚಿತ್ರ ಕಣ್ಣಮುಂದೆ ಬಂದು ಹೆಂಗಸರೂ ಹಿರಿಯರೂ ಹಿಂದೆ ಸರಿಯುತ್ತಾರೆ. ಇದರ ಅಗತ್ಯ ಹೆಚ್ಚಾಗಿರುವುದು ಅವರಿಗೇ, ಏಕೆಂದರೆ ನಡುವಯಸ್ಸಿನಿಂದಲೇ ಸ್ನಾಯು ಕರಗತೊಡಗುತ್ತದೆ. ಗೋಡೆಗೆ ಒರಗಿಸಿಟ್ಟ, ಕೈಗಳಿಲ್ಲದ ಗಟ್ಟಿ ಕುರ್ಚಿಯ ಮೇಲೆ ಕುಳಿತು, ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, ಕಾಲಬಲದಿಂದಲೇ ಎದ್ದು ನಿಂತು, ಮತ್ತೆ ಧೊಪ್ಪನೆ ಬೀಳದೆ ನಿಧಾನವಾಗಿ ಕುಳಿತುಕೊಳ್ಳಿ. ಹೀಗೆ ಎಂಟರಿಂದ ಹತ್ತು ಸಲ, ನಡುವೆ ವಿಶ್ರಾಂತಿ ಕೊಟ್ಟು ಎರಡು ಸುತ್ತು. ಮೊದಮೊದಲು ತೊಡೆ ನಡುಗುವುದು ಸಹಜ. ಆಗದವರು ಕುರ್ಚಿಯ ಮೇಲೊಂದು ದಿಂಬು ಹಾಕಿ ಎತ್ತರಿಸಿಕೊಳ್ಳಲಿ. ಗೋಡೆಗೆ ಅಂಗೈಯೂರಿ ಬಾಗಿ ತಳ್ಳುವುದು, ಒಂದೊಂದು ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿದು ಭುಜದ ಮೇಲಕ್ಕೆತ್ತುವುದು, ಗೋಡೆ ಹಿಡಿದು ಹಿಮ್ಮಡಿ ಮೇಲೆತ್ತಿ ತುದಿಗಾಲಲ್ಲಿ ನಿಲ್ಲುವುದು: ಇಷ್ಟಕ್ಕೆ ಇಪ್ಪತ್ತು ನಿಮಿಷ ಸಾಕು.

ಇನ್ನು ಅಡುಗೆಮನೆ. ಇಲ್ಲಿ ಪ್ರತಿ ತುತ್ತನ್ನೂ ಲೆಕ್ಕ ಹಾಕುವ ಬದಲು ತಿಂಗಳ ದಿನಸಿ ಚೀಟಿಯನ್ನು ಹಿಡಿಯುವುದು ಸುಲಭ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿಯ ಮಾದರಿ ತಟ್ಟೆಯೊಂದಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ನಾಲ್ವರ ಮನೆಗೆ ತಿಂಗಳ ಲೆಕ್ಕದಲ್ಲಿ ಅಕ್ಕಿ, ರಾಗಿ, ಜೋಳ, ಗೋಧಿ, ರವೆ ಎಲ್ಲ ಸೇರಿ 30 ಕಿಲೋ. ತೊಗರಿ, ಹೆಸರು, ಕಡಲೆ, ಅಲಸಂದೆ, ಹುರುಳಿ ಎಲ್ಲ ಸೇರಿ 10 ಕಿಲೋ. ಎಣ್ಣೆ, ತುಪ್ಪ ಸೇರಿ ಮೂರೂವರೆ ಲೀಟರ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ ತಲಾ 5 ಗ್ರಾಂ, ಅಂದರೆ ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು, ಅದೂ ಉಪ್ಪಿನಕಾಯಿ, ಹಪ್ಪಳ, ಹೋಟೆಲಿನ ತಿಂಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ.

ನಾವು ನಾಲ್ವರಿರುವ ಮನೆಯಲ್ಲಿ ಪೊಟ್ಟಣ ಒಡೆದ ದಿನವನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿದಾಗ ಅದು 28 ದಿನಕ್ಕೆ ಮುಗಿದಿತ್ತು. ಬೇಳೆಕಾಳು ಮಾತ್ರ ತಿಂಗಳಿಗೆ ನಾಲ್ಕು ಕಿಲೋ ದಾಟಿರಲಿಲ್ಲ. ನಾವು ಸರಿಯಾಗಿಯೇ ತಿನ್ನುತ್ತಿದ್ದೇವೆ ಎಂಬ ನನ್ನ ಭರವಸೆಯನ್ನು ಆ ಎರಡು ಅಂಕಿಗಳು ಅಲುಗಿಸಿದವು. ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಒಳಗಿಟ್ಟೆವು, ಅನ್ನ ಬೇಯಿಸುವಾಗ ಉಪ್ಪು ಹಾಕುವುದನ್ನು ನಿಲ್ಲಿಸಿದೆವು, ಸಾರಿಗೆ ನಿಂಬೆಹುಳಿಯನ್ನು ಹೆಚ್ಚಿಸಿದೆವು. ನಾಲಗೆ ಒಗ್ಗಿಕೊಳ್ಳಲು ಮೂರು ವಾರ ಹಿಡಿಯಿತು.

ಕಾಳು ಹೆಚ್ಚಿಸಲು ಹೊಸ ಅಡುಗೆ ಕಲಿಯಬೇಕಿಲ್ಲ. ಬಸ್ಸಾರನ್ನೇ ನೋಡಿ: ಸೊಪ್ಪು ಮತ್ತು ಕಾಳನ್ನು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಬಸಿದು ಉಳಿದದ್ದರಿಂದ ಪಲ್ಯ. ಒಂದೇ ಒಲೆಯ ಮೇಲೆ ಪ್ರೋಟೀನು, ನಾರು, ಕಬ್ಬಿಣ ಮೂರೂ ತಟ್ಟೆಗೆ ಬರುತ್ತವೆ. ಹೆಸರುಬೇಳೆಯ ಕೋಸಂಬರಿ ಹಬ್ಬಕ್ಕೇ ಏಕೆ ಮೀಸಲಾಗಬೇಕು? ಬಡಿಸುವಾಗ ಪಲ್ಯ, ಕೋಸಂಬರಿಯನ್ನು ಮೊದಲು ಬಡಿಸಿ, ಅದು ಅರ್ಧ ಮುಗಿದ ಮೇಲೆ ಅನ್ನಕ್ಕೆ ಕೈಹಾಕಿದರೆ ರಕ್ತದ ಸಕ್ಕರೆ ಏರುವ ವೇಗ ತಗ್ಗುತ್ತದೆ. ರಾಗಿಯ ವಿಷಯದಲ್ಲೂ ಒಂದು ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಇದು ಅಪರೂಪದ ಗುಣ. ಹಾಗೆಂದು ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರುವುದಿಲ್ಲ ಎಂದೇನೂ ಇಲ್ಲ. ಮುದ್ದೆ ಸಣ್ಣದಿರಲಿ, ಸೊಪ್ಪಿನ ಸಾರು ಗಟ್ಟಿಯಿರಲಿ.

ಸಕ್ಕರೆಯ ಮಿತಿ ದಿನಕ್ಕೆ ಸುಮಾರು 25 ಗ್ರಾಂ. ಎರಡು ಚಮಚ ಹಾಕಿದ ಕಾಫಿ ಮೂರು ಲೋಟವಾದರೆ ಅದು ಅಲ್ಲಿಗೇ ಮುಗಿಯಿತು, ಬಿಸ್ಕತ್ತಿಗೆ ಜಾಗವಿಲ್ಲ. ಬೆಲ್ಲ ಹಾಕಿದರೂ ಲೆಕ್ಕ ಅದೇ.

ಈ ಇಡೀ ಲೆಕ್ಕದಲ್ಲಿ ಹೊರಗೇ ಉಳಿದುಬಿಡುವವರು ಮನೆಯಲ್ಲಿ ಅಡುಗೆ ಮಾಡುವವರು. ಎಲ್ಲರಿಗೂ ಬಡಿಸಿ ಕೊನೆಗೆ ತಟ್ಟೆಯಿಟ್ಟುಕೊಳ್ಳುವ ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ, ತಳದ ಬೇಳೆ ಮಕ್ಕಳ ತಟ್ಟೆ ಸೇರಿರುತ್ತದೆ, ಉಳಿದಿರುವುದು ಅನ್ನ, ತಿಳಿಸಾರು, ಉಪ್ಪಿನಕಾಯಿ. ಮಿಕ್ಕಿದ್ದನ್ನು ಚೆಲ್ಲಬಾರದೆಂದು ಮತ್ತೊಂದು ಸೌಟು ಅನ್ನ. ದಿನವಿಡೀ ನಿಂತು ದುಡಿದರೂ ಆ ಕೆಲಸ ಉಸಿರಾಟದ ವೇಗ ಏರುವಷ್ಟಿರುವುದಿಲ್ಲ. ಸಂಜೆಗೆ ಕಾಲು ಮಾತ್ರ ನೋಯುತ್ತದೆ. ಇದಕ್ಕೆ ಪರಿಹಾರ ಉಪದೇಶದಲ್ಲಿಲ್ಲ. ಒಲೆಯಿಂದ ಇಳಿಸಿದ ಕೂಡಲೇ ಎಲ್ಲರ ಪಾಲನ್ನೂ ಬಟ್ಟಲುಗಳಿಗೆ ಹಂಚಿಡಿ, ಒಟ್ಟಿಗೆ ಕುಳಿತು ಉಣ್ಣಿ, ಪಾತ್ರೆ ತೊಳೆಯುವ ಕೆಲಸವನ್ನು ಇನ್ನೊಬ್ಬರು ವಹಿಸಿಕೊಂಡು ಅಡುಗೆ ಮಾಡಿದವರ ಹತ್ತು ನಿಮಿಷದ ನಡಿಗೆಗೆ ಬಿಡುವು ಮಾಡಿಕೊಡಿ. ಕಾಫಿ, ಟೀಯನ್ನು ಊಟಕ್ಕೆ ಒಂದು ಗಂಟೆ ಮೊದಲೂ ನಂತರವೂ ಕುಡಿಯದಿದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ರಕ್ತಹೀನತೆಯಿರುವ ಹೆಂಗಸರಿಗೆ ಇದು ಬಹಳ ಮುಖ್ಯ.

ಎದೆಬಿಗಿತ, ತಲೆಸುತ್ತು ಬರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ನಡಿಗೆ ಹೆಚ್ಚಿಸಬೇಕು, ಬೇಳೆಕಾಳು ಬದಲಿಸಬೇಕು. ದಾರದ ಅಳತೆಯನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಂಡರೆ ಸಾಕು, ದಿನವೂ ಅಳೆಯುವುದರಿಂದ ಬೇಸರವೇ ಹೆಚ್ಚು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನಡಿಗೆ ನಿಂತರೆ ಜಗಲಿಯಲ್ಲೇ ನಿಂತಲ್ಲಿ ಹೆಜ್ಜೆ ಹಾಕಬಹುದು, ಕುರ್ಚಿಯ ವ್ಯಾಯಾಮವನ್ನು ವಾರದಲ್ಲಿ ಎರಡು ದಿನದಿಂದ ಮೂರು ದಿನಕ್ಕೆ ಏರಿಸಬಹುದು. ಮದುವೆ, ಜಾತ್ರೆ, ಜ್ವರ ಎಂದು ಒಂದೆರಡು ವಾರ ತಪ್ಪಿಹೋದರೆ, ಆ ಬಾಕಿಯನ್ನು ಮುಂದಿನ ವಾರ ದುಪ್ಪಟ್ಟು ನಡೆದು ತೀರಿಸಲು ಹೋಗಿ ಮಂಡಿ ನೋಯಿಸಿಕೊಳ್ಳದೆ, ಅಂದಿನ ರಾತ್ರಿಯೂಟದ ನಂತರದ ಹತ್ತು ನಿಮಿಷದಿಂದಲೇ ಮತ್ತೆ ಶುರುಮಾಡಿ.